ಮೈಗಿಂತ ಬಾಲವೇ ಉದ್ದ: ಆಂಡಿಸ್ ಬೆಟ್ಟದ ಸಿಲ್ಫ್ ಹಕ್ಕಿ ಹಾರುವುದು ಹೇಗೆ?

ಪ್ರಶ್ನೆ: ಮೇಡಂ, ನಮ್ಮ ಫ್ಯಾಮಿಲಿ ಗ್ರೂಪ್‌ಗೆ ಒಂದು ವಿಡಿಯೋ ಬಂದಿದೆ, ಕಳಿಸಿದ್ದೇನೆ. ಗುಬ್ಬಚ್ಚಿಗಿಂತ ಚಿಕ್ಕ ಹಕ್ಕಿ. ಹಸಿರು ಮೈ, ಮೈಗಿಂತ ಉದ್ದದ ನೀಲಿ ಬಾಲ. ಗಾಳಿಯಲ್ಲೇ ನಿಂತು ಮಕರಂದ ಕುಡಿಯುತ್ತದೆ. ಕೆಳಗೆ ‘ಹಿಮಾಲಯದ ಅಪರೂಪದ ಹಕ್ಕಿ’ ಅಂತ ಬರೆದಿದೆ. ನಮ್ಮ ಮಾವ ಇದನ್ನು ಕೊಡಗಿನಲ್ಲೇ ನೋಡಿದ್ದೇನೆ ಅಂತಾರೆ. ಇದು ಯಾವ ಹಕ್ಕಿ? ಅಷ್ಟು ಸಣ್ಣ ಜೀವ ಅಷ್ಟುದ್ದ ಬಾಲ ಹೊತ್ತುಕೊಂಡು ಬೆಟ್ಟದಲ್ಲಿ ಹಾರುವುದು ಕಷ್ಟ ಅಲ್ವಾ? ಇನ್ನೊಂದು ಪ್ರಶ್ನೆ: ವಿಡಿಯೋದಲ್ಲಿ ಇರುವಂಥ ಸಕ್ಕರೆ ನೀರಿನ ಡಬ್ಬಿ ನಮ್ಮ ತೋಟದಲ್ಲಿ ತೂಗುಹಾಕಿದರೆ ಇಂಥ ಹಕ್ಕಿ ಬರುತ್ತಾ?

ಉತ್ತರ: ವಿಡಿಯೋ ನೋಡಿದೆ. ಹಕ್ಕಿ ನಿಜ, ಬಾಲವೂ ನಿಜ, ಬಣ್ಣವನ್ನು ಯಾರೂ ಕಂಪ್ಯೂಟರಿನಲ್ಲಿ ಹಚ್ಚಿಲ್ಲ. ಸುಳ್ಳಿರುವುದು ಊರಿನ ಹೆಸರಿನಲ್ಲಿ ಮಾತ್ರ. ಇದು ದಕ್ಷಿಣ ಅಮೆರಿಕದ ಆಂಡಿಸ್ ಬೆಟ್ಟಸಾಲಿನ ಹಮ್ಮಿಂಗ್‌ಬರ್ಡ್. ಇಂಗ್ಲಿಷಿನಲ್ಲಿ ಲಾಂಗ್-ಟೇಲ್ಡ್ ಸಿಲ್ಫ್ ಅಂತಾರೆ. ವೈಜ್ಞಾನಿಕ ಹೆಸರು ಅಗ್ಲೈಯೊಸರ್ಕಸ್ ಕಿಂಗೈ. ಇನ್ನು ಮುಂದೆ ಸುಮ್ನೆ ಸಿಲ್ಫ್ ಅಂತಲೇ ಬರೆಯುತ್ತೇನೆ.

ಹಮ್ಮಿಂಗ್‌ಬರ್ಡ್‌ಗಳಲ್ಲಿ 350ಕ್ಕೂ ಹೆಚ್ಚು ಜಾತಿಗಳಿವೆ. ಎಲ್ಲವೂ ಅಮೆರಿಕ ಖಂಡಗಳಲ್ಲೇ ಇರುವುದು, ಮೇಲೆ ಅಲಾಸ್ಕದಿಂದ ಹಿಡಿದು ಕೆಳಗೆ ಖಂಡದ ದಕ್ಷಿಣ ತುದಿಯವರೆಗೆ. ಭಾರತದ ಕಾಡಿನಲ್ಲಿ ಒಂದೂ ಇಲ್ಲ. ತಮಾಷೆ ಏನಪ್ಪಾ ಅಂದರೆ, ಇವುಗಳ ತೀರಾ ಹಳೆಯ ನೆಂಟರ ಪಳೆಯುಳಿಕೆ ಸಿಕ್ಕಿದ್ದು ಜರ್ಮನಿಯಲ್ಲಿ. ಆಗಲೇ ಉದ್ದ ಕೊಕ್ಕು, ನಿಂತಲ್ಲೇ ಹಾರುವುದಕ್ಕೆ ತಕ್ಕ ರೆಕ್ಕೆಮೂಳೆ ಇದ್ದ, 3 ಕೋಟಿ ವರ್ಷಕ್ಕೂ ಹಿಂದಿನ ಆ ಹಕ್ಕಿಯನ್ನು ಗೆರಾಲ್ಡ್ ಮೇಯರ್ 2004ರಲ್ಲಿ ವರ್ಣಿಸಿದರು. ಅಂದರೆ ಒಂದು ಕಾಲಕ್ಕೆ ಈ ಕಡೆಯ ಖಂಡದಲ್ಲೂ ಇದ್ದವು, ಆಮೇಲೆ ಇಲ್ಲವಾದವು.

ನಿಮ್ಮ ಮಾವ ಸುಳ್ಳು ಹೇಳಿದ್ದಾರೆ ಅಂತ ನಾನು ಹೇಳುವುದಿಲ್ಲ. ಕೊಡಗಿನಲ್ಲಿ ಹೂವಿಗೆ ಬರುವ ಪುಟ್ಟ ಹೊಳೆಯುವ ಹಕ್ಕಿ ಅಂದರೆ ಸೂರಕ್ಕಿ. ಉದ್ದ ಬಾಲ ಬೀಸಿಕೊಂಡು ಹೋಗುವುದು ಬಾಲದಂಡೆ. ಹೂವಿನ ಮುಂದೆ ಗಾಳಿಯಲ್ಲೇ ನಿಂತು ಉದ್ದ ನಾಲಿಗೆ ಚಾಚುವುದು ಹಗಲು ಹಾರುವ ಒಂದು ಜಾತಿಯ ಪತಂಗ. ಅದನ್ನು ನೋಡಿ ‘ಹಮ್ಮಿಂಗ್‌ಬರ್ಡ್ ನೋಡಿದೆ’ ಅಂತ ನನಗೆ ಫೋನ್ ಮಾಡುವವರು ಬಹಳ ಜನ. ಈ ಮೂರರಲ್ಲಿ ಯಾವುದೋ ಒಂದು ಮಾವನ ನೆನಪಿನಲ್ಲಿರಬೇಕು. ಹಿಮಾಲಯ ಅಂತ ಬರೆದವರಿಗೂ ಅಲ್ಪಸ್ವಲ್ಪ ನೆಪ ಇದೆ. ಅಲ್ಲಿ ಕೆಂಪು ಬಾಲದ ಒಂದು ಸೂರಕ್ಕಿ ಇದೆ, ಗಂಡಿನ ಬಾಲ ಸಾಕಷ್ಟು ಉದ್ದ. ಆದರೆ ಸೂರಕ್ಕಿಗೂ ಹಮ್ಮಿಂಗ್‌ಬರ್ಡ್‌ಗೂ ಹತ್ತಿರದ ರಕ್ತಸಂಬಂಧ ಇಲ್ಲ. ಸೂರಕ್ಕಿ ಗುಬ್ಬಚ್ಚಿ, ಪಿಕಳಾರಗಳ ದೊಡ್ಡ ಗುಂಪಿಗೆ ಸೇರಿದ್ದು. ಹಮ್ಮಿಂಗ್‌ಬರ್ಡ್‌ನ ದಾಯಾದಿಗಳು ಬಾನಾಡಿಗಳು, ನಮ್ಮ ಹಳೇ ಕಟ್ಟಡಗಳ ಸಂದಿಯಲ್ಲಿ ಗೂಡು ಕಟ್ಟಿ ಸಂಜೆ ಹೊತ್ತು ಕಿರುಚುತ್ತಾ ಸುತ್ತುತ್ತವಲ್ಲ, ಅವು.

ಈಗ ವಿಡಿಯೋವನ್ನು ಇನ್ನೊಂದು ಸಲ ಹಾಕಿ. ನಡುವೆ ಒಂದು ಕ್ಷಣ ಮೋಟು ಬಾಲದ ಇನ್ನೊಂದು ಹಕ್ಕಿ ಬಂದು ಹೋಗುತ್ತದೆ. ನೆತ್ತಿ ನೀಲಿ, ಕತ್ತಿನ ಕೆಳಗೆ ಬಿಳಿ, ಅದರ ಮೇಲೆ ಹಸಿರು ಚುಕ್ಕೆ, ಹೊಟ್ಟೆ ದಾಲ್ಚಿನ್ನಿ ಬಣ್ಣ. ಬೇರೆ ಜಾತಿ ಅಂತ ಅನ್ನಿಸಿರಬಹುದು. ಅದೇ ಇದರ ಹೆಣ್ಣು. ಕೊಕ್ಕಿನಿಂದ ಬಾಲದ ತುದಿಯವರೆಗೆ ಹೆಣ್ಣು ಹೆಚ್ಚುಕಡಿಮೆ 10 ಸೆಂಟಿಮೀಟರ್. ಗಂಡು 18 ಸೆಂಟಿಮೀಟರ್‌ವರೆಗೂ ಇರುತ್ತದೆ, ಅದರಲ್ಲಿ 11-12 ಸೆಂಟಿಮೀಟರ್ ಬರೀ ಬಾಲ. ತೂಕ? 5ರಿಂದ 6 ಗ್ರಾಂ, ಒಂದು ಐದು ರೂಪಾಯಿ ನಾಣ್ಯದಷ್ಟು.

ಬಾಲದಲ್ಲಿ ಇರುವುದು ಹತ್ತು ಗರಿ. ನಡುವಿನ ಜೋಡಿ ಗಿಡ್ಡ. ಹೊರಗೆ ಹೋದಂತೆ ಒಂದೊಂದು ಜೋಡಿಯೂ ಉದ್ದವಾಗುತ್ತಾ ಹೋಗಿ, ಎಲ್ಲಕ್ಕಿಂತ ಹೊರಗಿನ ಎರಡು ಗರಿ ಪಟ್ಟಿಯ ಹಾಗೆ ಕೆಳಗಿಳಿದಿರುತ್ತವೆ. ನೀವು ನೀಲಿ ಅಂದಿರಿ, ಆದರೆ ವಿಡಿಯೋವನ್ನು ನಿಧಾನಕ್ಕೆ ಓಡಿಸಿ ನೋಡಿ. ಹಕ್ಕಿ ಕೂತಲ್ಲೇ ಸ್ವಲ್ಪ ತಿರುಗಿದಾಗ ಬಾಲ ಪೂರ್ತಿ ಕಪ್ಪಾಗುತ್ತದೆ. ಇನ್ನೊಂದಿಷ್ಟು ತಿರುಗಿದರೆ ಬುಡದಿಂದ ಹಸಿರು ಏರುತ್ತದೆ, ಆಮೇಲೆ ತುದಿಯ ಕಡೆ ನೀಲಿ. ಗರಿಯಲ್ಲಿ ನೀಲಿ ಬಣ್ಣ ಅನ್ನುವ ವಸ್ತುವೇ ಇಲ್ಲ. ಗರಿಯ ಎಳೆಯೊಳಗೆ ಕಪ್ಪು ವರ್ಣದ್ರವ್ಯವಾದ ಮೆಲನಿನ್‌ನ ಚಪ್ಪಟೆ ಬಿಲ್ಲೆಗಳು ಒಂದರ ಮೇಲೊಂದು ಜೋಡಿಸಿಕೊಂಡಿರುತ್ತವೆ, ಅವುಗಳೊಳಗೆ ಗಾಳಿಯ ಗುಳ್ಳೆಗಳು. ಬೆಳಕು ಆ ಪದರಗಳಿಗೆ ಬಡಿದು ವಾಪಸ್ ಬರುವಾಗ ಕೆಲವು ಬಣ್ಣ ಗಟ್ಟಿಯಾಗುತ್ತವೆ, ಕೆಲವು ಅಳಿಸಿಹೋಗುತ್ತವೆ. ಕೋನ ಬದಲಾದರೆ ಬಣ್ಣವೂ ಬದಲು. ಅದಕ್ಕೇ ಈ ಹಕ್ಕಿಯ ಹತ್ತು ಫೋಟೋ ನೋಡಿದರೆ ಹತ್ತು ಬಣ್ಣ. ಫೋಟೋ ನೋಡಿ ‘ಇದು ಬೇರೆ ಹಕ್ಕಿ’ ಅಂತ ಜಗಳ ಆಡುವವರು ಇದನ್ನು ಸ್ವಲ್ಪ ನೆನಪಿಟ್ಟುಕೊಂಡರೆ ಒಳ್ಳೆಯದು.

ಊರು ಯಾವುದು ಅಂದರೆ, ವೆನೆಜುವೆಲಾದಿಂದ ಶುರುವಾಗಿ ಕೊಲಂಬಿಯಾ, ಈಕ್ವೆಡಾರ್, ಪೆರು ದಾಟಿ ಬೊಲಿವಿಯಾವರೆಗೆ. ಎತ್ತರ ಸುಮಾರು 900ರಿಂದ 3000 ಮೀಟರ್. ನಮ್ಮ ಮುಳ್ಳಯ್ಯನಗಿರಿ 1930 ಮೀಟರ್, ಅಂದರೆ ನಮ್ಮ ರಾಜ್ಯದ ತುತ್ತತುದಿ ಈ ಹಕ್ಕಿಗೆ ನಡುಮನೆ. ಯಾವಾಗಲೂ ಮಂಜು ಕವಿದು ಮರದ ಕೊಂಬೆಯೆಲ್ಲ ಪಾಚಿ ಹಿಡಿದಿರುವ ಕಾಡು, ಅದರ ಅಂಚು, ತೋಟ, ರಸ್ತೆ ಬದಿಯ ಪೊದೆ, ಎಲ್ಲ ಕಡೆ ಇರುತ್ತದೆ. ಈಕ್ವೆಡಾರ್‌ನಲ್ಲಿ ಪಾಪಲಾಕ್ತಾ ಹತ್ತಿರದ ಗ್ವಾಂಗೊದಲ್ಲಿ, 2700 ಮೀಟರ್ ಎತ್ತರದಲ್ಲಿ, ಸಕ್ಕರೆ ನೀರಿನ ಡಬ್ಬಿಗೆ ದಿನಾ ಬರುತ್ತದೆ. ಅದೇ ದೇಶದಲ್ಲಿ ಬೆಟ್ಟದ ಪಶ್ಚಿಮ ಇಳಿಜಾರಿಗೆ, ಮಿಂಡೊ ಕಡೆಗೆ ಹೋದರೆ ನೇರಳೆ ಬಾಲದ ಇನ್ನೊಂದು ಸಿಲ್ಫ್ ಸಿಗುತ್ತದೆ. ವೆನೆಜುವೆಲಾದ ಈಶಾನ್ಯ ಮೂಲೆಯ ಬೆಟ್ಟಗಳಲ್ಲಿ ಮೂರನೆಯದೊಂದು ಇದೆ. ಸಿಲ್ಫ್ ಕುಲ ಅಂದರೆ ಇಷ್ಟೇ.

ಈಗ ನಿಮ್ಮ ಮುಖ್ಯ ಪ್ರಶ್ನೆಗೆ ಬರುತ್ತೇನೆ. ಬಾಲ ಭಾರ ಅಲ್ವಾ?

ಎಲ್ಲರೂ ಹಾಗೇ ಅಂದುಕೊಂಡಿದ್ದರು. ಡಾರ್ವಿನ್ 1871ರಲ್ಲಿ ಹೇಳಿದ್ದು, ಇಂಥ ಅಲಂಕಾರ ಬೆಳೆದದ್ದು ಹೆಣ್ಣು ಆರಿಸಿದ್ದರಿಂದ ಅಂತ. 1975ರಲ್ಲಿ ಅಮೋಟ್ಸ್ ಜಹಾವಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ಇಷ್ಟು ತೊಂದರೆ ಹೊತ್ತುಕೊಂಡೂ ಬದುಕಿದ್ದೇನೆ ನೋಡು ಅಂತ ಗಂಡು ತೋರಿಸಿಕೊಳ್ಳುವುದೇ ಅದರ ತಾಕತ್ತಿನ ಪುರಾವೆ ಅನ್ನುವುದು ಅವರ ವಾದ. ಕೇಳಲಿಕ್ಕೆ ಚೆನ್ನಾಗಿದೆ. ಆದರೆ ತೊಂದರೆ ಎಷ್ಟು ಅಂತ ಅಳೆಯಬೇಕಲ್ಲ?

ಅಳೆದವರು ಕ್ಯಾಲಿಫೋರ್ನಿಯಾದ ಕ್ರಿಸ್ಟೋಫರ್ ಕ್ಲಾರ್ಕ್ ಮತ್ತು ರಾಬರ್ಟ್ ಡಡ್ಲಿ. ಅಲ್ಲಿನ ಮೋಟು ಬಾಲದ ಆನಾಸ್ ಹಮ್ಮಿಂಗ್‌ಬರ್ಡ್‌ಗಳನ್ನು ತಂದರು. ಜಮೈಕಾದ ಒಂದು ಉದ್ದ ಬಾಲದ ಹಮ್ಮಿಂಗ್‌ಬರ್ಡ್, ಕೆಂಪು ಕೊಕ್ಕಿನ ಸ್ಟ್ರೀಮರ್‌ಟೇಲ್, ಅದರ ಗರಿಗಳನ್ನು ಇವುಗಳ ಬಾಲಕ್ಕೆ ಅಂಟಿಸಿದರು. ಗಾಳಿ ಸುರಂಗದಲ್ಲಿ ಹಾರಿಸಿದರು. ಹಕ್ಕಿ ಸಕ್ಕರೆ ನೀರು ಕುಡಿಯಲಿಕ್ಕೆ ಒಂದು ಮಾಸ್ಕಿನೊಳಗೆ ಮೂತಿ ಇಡಬೇಕು, ಅಲ್ಲಿ ಅದು ಎಷ್ಟು ಆಮ್ಲಜನಕ ಬಳಸುತ್ತದೆ ಅಂತ ಯಂತ್ರ ಅಳೆಯುತ್ತದೆ. 2009ರಲ್ಲಿ ಫಲಿತಾಂಶ ಬಂತು. ಉದ್ದ ಬಾಲದಿಂದ ಹಾರಾಟದ ಖರ್ಚು ಜಾಸ್ತಿ ಅಂದರೆ 11 ಶೇಕಡಾ ಏರಿತು, ಅದೂ ವೇಗವಾಗಿ ಹಾರುವಾಗ. ಗರಿಷ್ಠ ವೇಗ ಇಳಿದದ್ದು ಬರೀ 3.4 ಶೇಕಡಾ. ಇಡೀ ದಿನದ ಲೆಕ್ಕ ಹಾಕಿದರೆ ಹೆಚ್ಚುವರಿ ಖರ್ಚು 1ರಿಂದ 3 ಶೇಕಡಾ ಅಷ್ಟೆ.

ಯಾಕೆ ಇಷ್ಟು ಕಡಿಮೆ ಅಂದರೆ, ಗರಿಗೆ ತೂಕವೇ ಇಲ್ಲ. ಬಾಲ ತೊಂದರೆ ಕೊಡುವುದು ಗಾಳಿ ಹಿಂದಕ್ಕೆ ಎಳೆಯುವ ಎಳೆತದಿಂದ, ಎಳೆತ ಬರುವುದು ವೇಗದಿಂದ. ಹೂವಿನ ಮುಂದೆ ನಿಂತಲ್ಲೇ ಹಾರುವಾಗ ಬಾಲ ಸುಮ್ನೆ ಕೆಳಗೆ ಜೋತುಬಿದ್ದಿರುತ್ತದೆ. ಮತ್ತೆ ಹಮ್ಮಿಂಗ್‌ಬರ್ಡ್ ದಿನವಿಡೀ ಹಾರುತ್ತಲೇ ಇರುತ್ತದೆ ಅನ್ನುವುದು ನಮ್ಮ ಕಲ್ಪನೆ. ದಿನದ ಹೆಚ್ಚಿನ ಹೊತ್ತು ಅದು ಕೊಂಬೆ ಮೇಲೆ ಕೂತಿರುತ್ತದೆ, ಹೊಟ್ಟೆಯಲ್ಲಿರುವುದು ಕರಗಬೇಕಲ್ಲ. ಹಾಗಾಗಿ ನನ್ನ ಕೇಳಿದರೆ, ಬಾಲ ಅದರ ಬದುಕಿನಲ್ಲಿ ದೊಡ್ಡ ಕಷ್ಟವೇ ಅಲ್ಲ. ನಾವು ಬಾಲ ನೋಡಿ ಬೆರಗಾಗಿ ನಿಂತುಬಿಡುತ್ತೇವೆ. ನಿಜವಾಗಿ ಅದನ್ನು ಹಿಂಡುವುದು ಎರಡು: ತೆಳು ಗಾಳಿ, ರಾತ್ರಿಯ ಚಳಿ.

ತೆಳು ಗಾಳಿಯಿಂದ ಶುರು ಮಾಡೋಣ. 3000 ಮೀಟರ್ ಎತ್ತರದಲ್ಲಿ ಗಾಳಿಯ ಸಾಂದ್ರತೆ ಸಮುದ್ರಮಟ್ಟಕ್ಕಿಂತ ಸುಮಾರು ಕಾಲು ಭಾಗ ಕಡಿಮೆ. ಇದರಿಂದ ಎರಡು ಪೆಟ್ಟು. ರೆಕ್ಕೆ ಬಡಿದರೆ ತಳ್ಳಲಿಕ್ಕೆ ಸಿಗುವ ಗಾಳಿಯೇ ಕಮ್ಮಿ. ಉಸಿರಿಗೆ ಸಿಗುವ ಆಮ್ಲಜನಕವೂ ಕಮ್ಮಿ. ನಿಂತಲ್ಲೇ ಹಾರುವುದೋ, ಪ್ರಾಣಿಲೋಕದಲ್ಲೇ ಅತಿ ದುಬಾರಿ ಕೆಲಸಗಳಲ್ಲೊಂದು. ಹಮ್ಮಿಂಗ್‌ಬರ್ಡ್ ರೆಕ್ಕೆಯನ್ನು ಕೆಳಗೆ ಬಡಿಯುವಾಗ ಮಾತ್ರ ಅಲ್ಲ, ಮೇಲಕ್ಕೆ ಎಳೆಯುವಾಗಲೂ ಅದನ್ನು ಮಗುಚಿ ಒಂದಿಷ್ಟು ಎತ್ತುಬಲ ಪಡೆಯುತ್ತದೆ. ತೂಕದ ಮುಕ್ಕಾಲು ಭಾಗವನ್ನು ಕೆಳಬಡಿತ ಹೊರುತ್ತದೆ, ಕಾಲು ಭಾಗವನ್ನು ಮೇಲ್ಬಡಿತ. ಎತ್ತರದಲ್ಲಿ ಇವು ಮಾಡುವ ಉಪಾಯ ರೆಕ್ಕೆಯನ್ನು ಇನ್ನೂ ಬೇಗ ಬಡಿಯುವುದಲ್ಲ. ಬಡಿತದ ವೇಗ ಹೆಚ್ಚುಕಡಿಮೆ ಅಷ್ಟೇ ಇಟ್ಟುಕೊಂಡು, ಒಂದೊಂದು ಬಡಿತಕ್ಕೂ ರೆಕ್ಕೆಯನ್ನು ಇನ್ನಷ್ಟು ಅಗಲಕ್ಕೆ, ಎದೆಯ ಮುಂದಿನಿಂದ ಬೆನ್ನ ಹಿಂದಿನವರೆಗೆ ಬೀಸುತ್ತವೆ.

ಆಮ್ಲಜನಕದ ಉತ್ತರ ಇರುವುದು ರಕ್ತದಲ್ಲಿ. ಇದು ನನಗೆ ಬಾಲಕ್ಕಿಂತ ಜಾಸ್ತಿ ಇಷ್ಟವಾಗುವ ಸಂಗತಿ. ಹಿಮೋಗ್ಲೋಬಿನ್‌ನ (ರಕ್ತದಲ್ಲಿ ಆಮ್ಲಜನಕ ಹೊರುವ ಪ್ರೋಟೀನ್) ಬೀಟಾ ಎಂಬ ಸರಪಳಿಯಲ್ಲಿ 146 ಅಮೈನೋ ಆಮ್ಲಗಳಿವೆ, ಅಂದರೆ ಪ್ರೋಟೀನ್ ಕಟ್ಟುವ ಮಣಿಗಳು. ತಗ್ಗಿನ ಕಾಡಿನ ಮತ್ತು ಎತ್ತರದ ಬೆಟ್ಟದ ಹಮ್ಮಿಂಗ್‌ಬರ್ಡ್ ಜಾತಿಗಳ ರಕ್ತವನ್ನು ಹೋಲಿಸಿ ನೋಡಿದಾಗ ವ್ಯತ್ಯಾಸ ಮುಖ್ಯವಾಗಿ ಕಂಡದ್ದು ಎರಡು ಜಾಗದಲ್ಲಿ, 13ನೆಯದು ಮತ್ತು 83ನೆಯದು. ಅಲ್ಲಿ ಗ್ಲೈಸೀನ್ ಎಂಬ ಅಮೈನೋ ಆಮ್ಲ ಹೋಗಿ ಸೆರೀನ್ ಎಂಬುದು ಬಂದರೆ ಹಿಮೋಗ್ಲೋಬಿನ್ ಆಮ್ಲಜನಕವನ್ನು ಇನ್ನಷ್ಟು ಬಿಗಿಯಾಗಿ ಹಿಡಿಯುತ್ತದೆ. 2013ರಲ್ಲಿ ಪ್ರಕಟವಾದ ಈ ಕೆಲಸದಲ್ಲಿ ಕಂಡ ವಿಶೇಷ ಏನೆಂದರೆ, ಬೆಟ್ಟಕ್ಕೆ ಬೇರೆಬೇರೆಯಾಗಿ ಹತ್ತಿಹೋದ ವಂಶಗಳು ಮತ್ತೆಮತ್ತೆ ಇದೇ ಜಾಗಗಳಲ್ಲಿ ಇದೇ ಬದಲಾವಣೆ ಮಾಡಿಕೊಂಡಿವೆ. ಒಂದು ಅಕ್ಷರ ತಿದ್ದಿದಷ್ಟೇ ಬದಲಾವಣೆ, ಆದರೆ ಅದಿಲ್ಲದೆ ಮೇಲೆ ಬದುಕುವುದು ಬಲು ಕಷ್ಟ.

ರಾತ್ರಿ ಇನ್ನೊಂದು ಕಥೆ. ಐದಾರು ಗ್ರಾಂ ಮೈಯಿಂದ ಶಾಖ ಸೋರಿಹೋಗುವುದು ಬೇಗ, ರಾತ್ರಿಯಿಡೀ ಊಟ ಇಲ್ಲ. ಅದಕ್ಕೆ ಹಮ್ಮಿಂಗ್‌ಬರ್ಡ್‌ಗಳು ಜಡನಿದ್ದೆಗೆ ಜಾರುತ್ತವೆ, ಅಂದರೆ ಮೈಯ ಒಲೆಯನ್ನೇ ತಗ್ಗಿಸಿಬಿಡುತ್ತವೆ. ಪೆರುವಿನಲ್ಲಿ ಸುಮಾರು 3800 ಮೀಟರ್ ಎತ್ತರದಲ್ಲಿ ಆರು ಜಾತಿಗಳನ್ನು ಅಳೆದು 2020ರಲ್ಲಿ ವರದಿ ಮಾಡಿದರು. ಬ್ಲ್ಯಾಕ್ ಮೆಟಲ್‌ಟೇಲ್ ಎಂಬ ಹಕ್ಕಿಯ ಮೈ ಬಿಸಿ 3.3 ಡಿಗ್ರಿ ಸೆಲ್ಸಿಯಸ್‌ಗೆ ಇಳಿದಿತ್ತು. ಹೌದು, ಮೂರು ಪಾಯಿಂಟ್ ಮೂರು. ಹಗಲಿನಲ್ಲಿ ಅದು 40ರ ಹತ್ತಿರ. ಹಕ್ಕಿಗಳಲ್ಲಿ ಅದುವರೆಗೆ ಅಳೆದದ್ದರಲ್ಲಿ ಇದೇ ಅತಿ ಕಡಿಮೆ. ಹಾರುವಾಗ ನಿಮಿಷಕ್ಕೆ ಸಾವಿರ ಸಲ ಬಡಿಯುವ ಗುಂಡಿಗೆ ಜಡನಿದ್ದೆಯಲ್ಲಿ 50ರ ಆಸುಪಾಸಿಗೆ ಬರುತ್ತದೆ. ಬೆಳಕು ಹರಿಯುವ ಮುಂಚೆ ಸ್ನಾಯು ನಡುಗಿಸಿ ಮತ್ತೆ ಮೈ ಕಾಯಿಸಿಕೊಂಡು ಹಾರಿಹೋಗುತ್ತವೆ. ಸಿಲ್ಫ್ ಇರುವುದು ಅದಕ್ಕಿಂತ ಕೆಳಗೆ, ಅಷ್ಟು ಘೋರ ಚಳಿ ಅದಕ್ಕಿಲ್ಲ. ಆದರೂ ಮಂಜಿನ ಕಾಡಿನಲ್ಲಿ ಒದ್ದೆ ರಾತ್ರಿ ಅಂದರೆ ತಮಾಷೆ ಅಲ್ಲ.

ಊಟದ ವಿಷಯದಲ್ಲಿ ಸಿಲ್ಫ್ ಸ್ವಲ್ಪ ಕಳ್ಳ ಬುದ್ಧಿಯದು. ಅದರ ಕೊಕ್ಕು ಒಂದೂವರೆ ಸೆಂಟಿಮೀಟರ್ ಕೂಡ ಇಲ್ಲ. ಅದೇ ಕಾಡಿನಲ್ಲಿ ಮೈಗಿಂತ ಉದ್ದದ ಕೊಕ್ಕಿನ ಸ್ವೋರ್ಡ್-ಬಿಲ್ಡ್ ಹಮ್ಮಿಂಗ್‌ಬರ್ಡ್ ಕೂಡ ಇದೆ. ಉದ್ದ ಕೊಳವೆಯ ಹೂಗಳೆಲ್ಲ ಅದರ ಪಾಲು. ಸಿಲ್ಫ್ ಏನು ಮಾಡುತ್ತದೆ? ಗಿಡ್ಡ ಹೂವಾದರೆ ಹೂವಿನ ಬಾಯಿಂದಲೇ ಕುಡಿಯುತ್ತದೆ. ಉದ್ದ ಹೂವಾದರೆ ಬುಡಕ್ಕೆ ಬಂದು ತೂತು ಕೊರೆದು ಮಕರಂದ ಹೀರುತ್ತದೆ. ಪರಾಗ ಮೈಗೆ ಹತ್ತುವುದಿಲ್ಲ, ಹೂವಿಗೆ ಚಿಕ್ಕಾಸಿನ ಲಾಭ ಇಲ್ಲ. ಹೂ ದಟ್ಟವಾಗಿ ಬಿಟ್ಟ ಪೊದೆ ಸಿಕ್ಕರೆ ಗಂಡು ಅದನ್ನು ತನ್ನದೆಂದು ಕಾಯುತ್ತದೆ, ಚದುರಿದ್ದರೆ ಸುತ್ತು ಹೊಡೆಯುತ್ತದೆ. ಬರೀ ಸಕ್ಕರೆಯಲ್ಲಿ ಬದುಕು ಸಾಗುವುದಿಲ್ಲ, ಪ್ರೋಟೀನ್ ಬೇಕು. ಅದಕ್ಕೆ ಸಣ್ಣ ನೊಣ, ಹುಳಗಳನ್ನು ಗಾಳಿಯಲ್ಲೇ ಹಿಡಿಯುತ್ತದೆ.

ನಾಲಿಗೆ ಬಗ್ಗೆ ಒಂದು ಮಾತು, ಯಾಕೆಂದರೆ ಪುಸ್ತಕಗಳಲ್ಲಿ ಇನ್ನೂ ತಪ್ಪೇ ಓಡಾಡುತ್ತಿದೆ. ಸಣ್ಣ ಕೊಳವೆಯಲ್ಲಿ ನೀರು ತಾನಾಗಿ ಏರುವ ಹಾಗೆ ಇದರ ನಾಲಿಗೆಯಲ್ಲೂ ಮಕರಂದ ಏರುತ್ತದೆ ಅಂತ ನೂರಕ್ಕೂ ಹೆಚ್ಚು ವರ್ಷ ನಂಬಿದ್ದರು. 2011ರಲ್ಲಿ ಅಲೆಹಾಂಡ್ರೊ ರಿಕೊ-ಗೆವಾರಾ ಮತ್ತು ಮಾರ್ಗರೆಟ್ ರುಬೆಗಾ ಹೈಸ್ಪೀಡ್ ಕ್ಯಾಮೆರಾ ಇಟ್ಟು ನೋಡಿದರು. ನಾಲಿಗೆಯ ತುದಿ ಎರಡು ಕವಲು, ಕವಲಿನ ಅಂಚಿಗೆ ಝಾಲರಿ ಇದೆ. ಮಕರಂದದೊಳಗೆ ಹೋದಾಗ ಝಾಲರಿ ಬಿಚ್ಚಿಕೊಳ್ಳುತ್ತದೆ, ಹೊರಗೆ ಎಳೆಯುವಾಗ ಸುತ್ತಿಕೊಂಡು ದ್ರವವನ್ನು ಒಳಗೇ ಹಿಡಿದಿಟ್ಟುಕೊಳ್ಳುತ್ತದೆ. ಸತ್ತ ಹಕ್ಕಿಯ ನಾಲಿಗೆಯನ್ನು ನೀರಿಗೆ ಅದ್ದಿದರೂ ಇದೇ ಆಗುತ್ತದೆ. ಸ್ನಾಯುವಿನ ಕೆಲಸವೇ ಬೇಕಿಲ್ಲ!

ಮನೆ ಮಕ್ಕಳು ಎಲ್ಲ ಹೆಣ್ಣಿನ ಪಾಲಿಗೆ. ಗಂಡು ಗೂಡಿನ ಕಡೆ ಬರುವುದೇ ಇಲ್ಲ, ಆದ್ದರಿಂದ ಗೂಡಿನೊಳಗೆ ಆ ಬಾಲವನ್ನು ಮಡಚಿಡುವ ತಾಪತ್ರಯವೂ ಇಲ್ಲ. ಹಮ್ಮಿಂಗ್‌ಬರ್ಡ್ ಗೂಡು ಅಂದರೆ ಸಾಮಾನ್ಯವಾಗಿ ಪುಟ್ಟ ಬಟ್ಟಲು. ಸಿಲ್ಫ್‌ನದು ಹಾಗಲ್ಲ. ಪಾಚಿ, ನಾರು ಸೇರಿಸಿ ಕಟ್ಟಿದ ಮುಚ್ಚಿದ ಉಂಡೆ, ಪಕ್ಕದಲ್ಲಿ ಬಾಗಿಲು. ದಿನಾ ಮಳೆ ಬೀಳುವ ಜಾಗದಲ್ಲಿ ಮೊಟ್ಟೆ ಬೆಚ್ಚಗಿಡಲು ಮಾಡು ಇರುವುದು ಅನುಕೂಲ ಅನ್ನುವುದು ನನ್ನ ಅನಿಸಿಕೆ. ಮೊಟ್ಟೆ ಎರಡು, ಬಿಳಿ. ಕಾವು ಕೂತ ಹಮ್ಮಿಂಗ್‌ಬರ್ಡ್ ತಾಯಿ ಸಾಮಾನ್ಯವಾಗಿ ಜಡನಿದ್ದೆಗೂ ಜಾರುವುದಿಲ್ಲ, ಮೊಟ್ಟೆ ತಣ್ಣಗಾಗಬಾರದಲ್ಲ. ಖರ್ಚಿನ ಲೆಕ್ಕ ಹಾಕುವುದಾದರೆ ಗಂಡಿನ ಬಾಲದ ಬದಲು ಈ ರಾತ್ರಿಗಳ ಲೆಕ್ಕ ಹಾಕಿ ಅಂತ ನಾನು ಹೇಳುತ್ತೇನೆ.

ಈ ಹಕ್ಕಿ ಸೇರಿಕೊಂಡ ಒಂದು ಪತ್ತೇದಾರಿ ಕಥೆಯನ್ನು ಹೇಳದಿದ್ದರೆ ನನಗೆ ಸಮಾಧಾನ ಇಲ್ಲ. 19ನೇ ಶತಮಾನದಲ್ಲಿ ಯುರೋಪಿನ ಹೆಂಗಸರ ಟೋಪಿಗೆ, ಶ್ರೀಮಂತರ ಗಾಜಿನ ಪೆಟ್ಟಿಗೆಗೆ ಅಂತ ಲೆಕ್ಕವಿಲ್ಲದಷ್ಟು ಹಮ್ಮಿಂಗ್‌ಬರ್ಡ್ ಚರ್ಮಗಳು ಕೊಲಂಬಿಯಾದ ಬೊಗೊಟಾದಿಂದ ಹಡಗು ಹತ್ತಿದವು. ಯಾವ ಕಾಡಿನದು, ಯಾವ ಎತ್ತರದ್ದು, ಒಂದಕ್ಕೂ ಚೀಟಿ ಇಲ್ಲ. 1909ರಲ್ಲಿ ನಿಸೆಫೊರೊ ಮರಿಯಾ ಎಂಬ ಕ್ರೈಸ್ತ ಸನ್ಯಾಸಿ ಬೊಗೊಟಾದಲ್ಲಿ ಅಂಥದ್ದೊಂದು ಚರ್ಮ ಕೊಂಡರು. ಕಡುನೀಲಿ ಹಕ್ಕಿ, ಯಾವ ಜಾತಿಗೂ ಹೊಂದುತ್ತಿರಲಿಲ್ಲ. ಅದು ಅಮೆರಿಕದ ಫಿಲಡೆಲ್ಫಿಯಾದ ಸಂಗ್ರಹ ಸೇರಿತು. 1993ರಲ್ಲಿ ಗ್ಯಾರಿ ಗ್ರೇವ್ಸ್ ಅದಕ್ಕೆ ಹೊಸ ಜಾತಿ ಅಂತ ಹೆಸರಿಟ್ಟರು, ಬೊಗೊಟಾ ಸನ್‌ಏಂಜಲ್. ಲೋಕದಲ್ಲಿ ಇದ್ದದ್ದು ಅದೊಂದೇ ಚರ್ಮ. 2009ರಲ್ಲಿ ಡಿಎನ್‌ಎ ತೆಗೆದು ನೋಡಿದವರು, ಹೌದು ಇದು ಬೇರೆಯೇ ಜಾತಿ, ಬಹುಶಃ ಅಳಿದುಹೋಗಿದೆ ಅಂದರು. ಎಲ್ಲರೂ ಮರುಗಿದ್ದಾಯಿತು. 2018ರಲ್ಲಿ ಇನ್ನೊಂದು ತಂಡ ಬೇರೆಬೇರೆ ಊರಿನ ಸಿಲ್ಫ್‌ಗಳ ಡಿಎನ್‌ಎ ಜಾಸ್ತಿ ಸೇರಿಸಿಕೊಂಡು ಮತ್ತೆ ಹೋಲಿಸಿತು. ಆಗ ಗೊತ್ತಾಗಿದ್ದು, ಅದು ಬಹುಮಟ್ಟಿಗೆ ಒಂದು ಬೆರಕೆ ಹಕ್ಕಿ, ತಾಯಿ ನಮ್ಮ ಈ ಸಿಲ್ಫ್. ಜೀವಕೋಶಕ್ಕೆ ಶಕ್ತಿ ಒದಗಿಸುವ ಮೈಟೊಕಾಂಡ್ರಿಯದ ಡಿಎನ್‌ಎ ತಾಯಿಯಿಂದ ಮಾತ್ರ ಬರುತ್ತದೆ, ಸುಳಿವು ಸಿಕ್ಕಿದ್ದು ಅಲ್ಲೇ. ಮೊದಲ ಸಲ ಹೋಲಿಸಲು ಇಟ್ಟುಕೊಂಡ ಸಿಲ್ಫ್ ಮಾದರಿಗಳೇ ಸಾಲದೆ ಹೋಗಿದ್ದವು. ಅಳಿದುಹೋಗಿದೆ ಅಂತ ಮರುಗಿದ ಆ ಜಾತಿ ಯಾವತ್ತೂ ಇರಲೇ ಇಲ್ಲ.

‘ಅಪರೂಪದ ಹಕ್ಕಿ’ ಅನ್ನುವುದೂ ಸರಿಯಲ್ಲ. ಸಿಲ್ಫ್ ಸದ್ಯಕ್ಕೆ ಅಪಾಯದ ಪಟ್ಟಿಯಲ್ಲಿಲ್ಲ. ಕಾಡು ಕಡಿದ ಅಂಚಿನಲ್ಲೂ, ತೋಟದಲ್ಲೂ ಹೊಂದಿಕೊಂಡು ಇರುತ್ತದೆ. ಉದ್ದ ಬಾಲದ ನಿಜವಾದ ಅಪರೂಪದವನು ಪೆರುವಿನ ಉತ್ತರದ ಉತ್ಕುಬಾಂಬಾ ಕಣಿವೆಯ ಕಡೆಯ ಸ್ಪ್ಯಾಚುಲ್‌ಟೇಲ್. ಅದರ ಬಾಲದಲ್ಲಿ ಇರುವುದು ನಾಲ್ಕೇ ಗರಿ, ಅದರಲ್ಲಿ ಎರಡರ ತುದಿಗೆ ದುಂಡನೆ ನೇರಳೆ ಬಿಲ್ಲೆ. ಅದು ಅಳಿವಿನಂಚಿನಲ್ಲಿದೆ. ಕಾಡು ಹೋಗುತ್ತಿರುವುದು ಒಂದು ಕಾರಣ. ಇನ್ನೊಂದು, ಅದರ ಒಣಗಿಸಿದ ಗುಂಡಿಗೆ ತಿಂದರೆ ಗಂಡಸುತನ ಬರುತ್ತದೆ ಅನ್ನುವ ನಂಬಿಕೆಯಿಂದ ಕವಣೆ ಬೀಸಿ ಹೊಡೆಯುತ್ತಿದ್ದರು. ಇಂಥ ನಂಬಿಕೆಗಳಿಗೆ ದೇಶ ಭಾಷೆ ಭೇದ ಇಲ್ಲ.

ಕೊನೆಗೆ ಸಕ್ಕರೆ ನೀರಿನ ಡಬ್ಬಿ. ತೂಗುಹಾಕಿದರೆ ಹಮ್ಮಿಂಗ್‌ಬರ್ಡ್ ಅಂತೂ ಬರಲ್ಲ, ಬರುವುದು ಇರುವೆ ಮತ್ತು ಜೇನು. ಸೂರಕ್ಕಿ ಬಂದರೂ ಬರಬಹುದು, ಆದರೆ ನಮ್ಮ ಸೆಕೆಗೆ ಸಕ್ಕರೆ ನೀರು ಬೇಗ ಹುಳಿ ಹಿಡಿಯುತ್ತದೆ, ಡಬ್ಬಿಯನ್ನು ಪದೇಪದೇ ತೊಳೆಯದಿದ್ದರೆ ಬೂಷ್ಟು ಬೆಳೆದು ಹಕ್ಕಿಗೇ ಕಾಯಿಲೆ. ಅದರ ಬದಲು ಬೇಲಿಗೆ ಒಂದೆರಡು ಹಾಲುವಾಣದ ಗೂಟ ನೆಡಿ, ದಾಸವಾಳ ಹಾಕಿ. ಮಾವಿನ ಮರದ ಮೇಲೆ ಬಂದಳಿಕೆ ಇದ್ದರೆ ಅದನ್ನೆಲ್ಲ ಒಂದೇ ಸಲ ಕಿತ್ತು ಹಾಕಬೇಡಿ, ಒಂದು ಕೊಂಬೆಯದ್ದಾದರೂ ಬಿಡಿ. ಮರಕ್ಕೆ ಅದು ಕಾಟವೇ, ಒಪ್ಪುತ್ತೇನೆ, ಆದರೆ ಅದರ ಹೂವಿಗೆ ಸೂರಕ್ಕಿ ಬರುವುದನ್ನು ನೀವು ಅಡುಗೆಮನೆ ಕಿಟಕಿಯಿಂದಲೇ ನೋಡಬಹುದು.